ಹುಣಿಸೆಹುಳಿಗೆ ಹಾಕಿದ ಎರಡು ಸ್ಕ್ರೂ

ನಾನು ತೊಳೆದ ಟ್ರೇನಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದು ಎಂದು ನಮ್ಮ ಆಸ್ಪತ್ರೆಯಲ್ಲಿ ಎಲ್ಲರೂ ಹೇಳುತ್ತಿದ್ದರು. ತಾವಾಗಿ ಹೇಳದವರ ಬಾಯಲ್ಲಿ ನಾನೇ ಹೇಳಿಸುತ್ತಿದ್ದೆ. ಸುಳ್ಳೇಕೆ, ಆ ಮಾತು ಕಿವಿಗೆ ಬಿದ್ದರೆ ನನಗೆ ಹಬ್ಬ. ಇನ್ನೆರಡು ತಿಂಗಳಿಗೆ ನನ್ನ ನಿವೃತ್ತಿ. ಬೀಳ್ಕೊಡುವ ದಿನ ಯಾರಾದರೊಬ್ಬರು ಎದ್ದು ನಿಂತು ಇದೇ ಮಾತು ಹೇಳುತ್ತಾರೆ, ಗ್ಯಾರಂಟಿ. ಅದಕ್ಕೆ ಮೊದಲು, ನಾನು ತೊಳೆದು ಹಾಳುಮಾಡಿದ ಎರಡು ಸ್ಕ್ರೂಗಳ ವಿಷಯವನ್ನು ನಾನೇ ಬರೆದಿಡಬೇಕು ಅನ್ನಿಸಿದೆ.

ನನ್ನ ಹೆಸರು ಅನಸೂಯಮ್ಮ. ಗೌರಿಬಿದನೂರಿನಲ್ಲಿ ಹತ್ತು ವರ್ಷ ನರ್ಸ್ ಆಗಿದ್ದು, ೧೯೮೧ರಲ್ಲಿ ಚಿಕ್ಕಬಳ್ಳಾಪುರದ ಈ ಟ್ರಸ್ಟ್ ಆಸ್ಪತ್ರೆಗೆ ಬಂದೆ. ಅಂದಿನಿಂದ ಆಪರೇಷನ್ ಥಿಯೇಟರಿನ ಉಸ್ತುವಾರಿ ನನ್ನದೇ. ನಮ್ಮ ಸೀಮೆಯ ಬೋರ್‌ವೆಲ್ ನೀರು ಕುಡಿದವರಿಗೆ ಅದರ ಗುಣ ಗೊತ್ತು. ಆಳಕ್ಕೆ ಹೋದಷ್ಟೂ ಗಡಸು. ಒಂದು ಸಲ ಕುದಿಸಿದರೆ ಸಾಕು, ಪಾತ್ರೆಯ ತಳದಲ್ಲಿ ಬಿಳೀ ಉಪ್ಪು ಕಟ್ಟುತ್ತದೆ. ಕತ್ತರಿಯ ಸಂದಿ, ಚಿಮಟದ ಹಲ್ಲು, ಸ್ಟೆರಿಲೈಸರಿನ ಗೋಡೆ, ಎಲ್ಲ ಕಡೆಯೂ ಅದೇ ಬಿಳಿ. ಸೋಪಿಗೆ ಹೋಗುವುದಿಲ್ಲ, ಬ್ರಷ್ಷಿಗೆ ಬಗ್ಗುವುದಿಲ್ಲ. ಅದಕ್ಕೆ ನಾನು ಕಂಡುಕೊಂಡಿದ್ದ ಮದ್ದು ಹುಣಿಸೆಹಣ್ಣು. ಗಟ್ಟಿಯಾಗಿ ಕಿವುಚಿದ ಹುಳಿಯಲ್ಲಿ ರಾತ್ರಿಯಿಡೀ ನೆನೆಹಾಕಿದರೆ ಬೆಳಿಗ್ಗೆ ಉಕ್ಕು ಹೊಸದಾಗಿ ಎದ್ದು ಬರುತ್ತಿತ್ತು. ಹದಿನಾರು ವರ್ಷ ಹಾಗೆಯೇ ಮಾಡಿದೆ. ಯಾರಿಗೂ ಏನೂ ಆಗಿರಲಿಲ್ಲ.

ತೊಳೆಯುವುದರಲ್ಲಿ ನನಗೆ ಯಾಕಿಷ್ಟು ಹಟ ಎಂದರೆ, ಅದಕ್ಕೊಂದು ಕಾರಣವಿದೆ. ನಾನು ಹುಟ್ಟಿದ್ದು ಚಿಂತಾಮಣಿ ತಾಲ್ಲೂಕಿನಲ್ಲಿ, ಅಂಬಾಜಿದುರ್ಗದ ಕೆಳಗಿನ ಒಂದು ಹಳ್ಳಿಯ ಕೇರಿಯಲ್ಲಿ. ನಮ್ಮಪ್ಪ ಕೋನಪ್ಪ ಊರಿನ ದೊಡ್ಡ ಮನೆಯೊಂದರ ದನ ನೋಡಿಕೊಳ್ಳುತ್ತಿದ್ದ. ಬಾಯಾರಿ ಹೋದರೆ ಆ ಮನೆಯವರು ಜಗಲಿಯ ಮೇಲೆ ನಿಂತು ನೀರು ಸುರಿಯುತ್ತಿದ್ದರು, ನಾವು ಕೆಳಗೆ ನಿಂತು ಬೊಗಸೆ ಒಡ್ಡುತ್ತಿದ್ದೆವು. ಒಂದು ದಿನ ಚೊಂಬಿನ ಬಾಯಿ ನನ್ನ ಬೆರಳಿಗೆ ತಾಗಿತು. ಆ ಮನೆಯ ಹೆಂಗಸು ಚೊಂಬನ್ನು ಅಂಗಳಕ್ಕೆ ಎಸೆದು, ಬೂದಿ ಹಾಕಿ ಮೂರು ಸಲ ಬೆಳಗಿದಳು. ನಾನು ನೋಡುತ್ತಾ ನಿಂತಿದ್ದೆ. ನನಗಾಗ ಎಂಟು ವರ್ಷ. ನರ್ಸಿಂಗ್ ಓದಿ ಬಿಳೀ ಸೀರೆ ಉಟ್ಟ ದಿನ, ಇನ್ನು ಯಾವ ನಾಲಿಗೆಯೂ ಈ ಕೈಯನ್ನು ಕೊಳಕು ಅನ್ನಬಾರದು ಎಂದು ತೀರ್ಮಾನ ಮಾಡಿದೆ. ಆ ತೀರ್ಮಾನವೇ ನನ್ನ ಸಿಟ್ಟು, ಆ ತೀರ್ಮಾನವೇ ನನ್ನ ಜಂಬ. ಎರಡರಿಂದಲೂ ಆಯಾಗಳು ಬಹಳ ಅತ್ತಿದ್ದಾರೆ.

ಇನ್ನು ಅಮ್ಮಾಜಮ್ಮನವರ ವಿಷಯ. ಶಿಡ್ಲಘಟ್ಟದ ಹತ್ತಿರ ಮೇಲೂರಿನವರು. ಹಿಪ್ಪುನೇರಳೆ ತೋಟ, ಹುಳು ಸಾಕುವ ಮನೆ, ಹಿತ್ತಲಲ್ಲಿ ದೊಡ್ಡ ಹುಣಿಸೆಮರ ಇದ್ದ ಕುಟುಂಬ. ನನಗಿಂತ ನಾಲ್ಕು ವರ್ಷ ದೊಡ್ಡವರು. ಹುಳುಮನೆಯ ಅಟ್ಟಣಿಗೆಗೆ ಸೊಪ್ಪು ಹಾಕಲು ಏಣಿ ಹತ್ತಿದವರು ಜಾರಿ ಬಿದ್ದು ಸೊಂಟದ ಮೇಲೆ ಬೆನ್ನುಮೂಳೆ ಮುರಿದುಕೊಂಡು, ೧೯೯೬ರ ಸಂಕ್ರಾಂತಿ ಕಳೆದ ವಾರ ನಮ್ಮಲ್ಲಿಗೆ ಬಂದರು. ಮೊದಲ ದಿನ ಮಾತ್ರೆ ನುಂಗಿಸಲು ನಾನು ನೀರು ಹಿಡಿದಾಗ ಕೇಳಿದರು:

"ನಿಮ್ಮದ್ಯಾವೂರಮ್ಮ? ಯಾರ ಪೈಕಿ?"

ನಾನು ಮುಚ್ಚಿಡುವವಳಲ್ಲ. ಊರನ್ನೂ ಕೇರಿಯನ್ನೂ ಹೇಳಿದೆ. ಅವರು ಲೋಟವನ್ನು ನೋಡಿದರು, ನನ್ನನ್ನು ನೋಡಿದರು. ಹಾಸಿಗೆಯ ಪಕ್ಕ ನಿಂತಿದ್ದ ಅವರ ಯಜಮಾನರು ವೆಂಕಟರಾಮಪ್ಪ ಗಂಟಲು ಸರಿಮಾಡಿಕೊಂಡರು. ಅಮ್ಮಾಜಮ್ಮ ಕಣ್ಣು ಮುಚ್ಚಿ ಗಟಗಟ ಕುಡಿದರು.

ಆಮೇಲೆ ಎರಡು ತಿಂಗಳು ಅವರನ್ನು ಮಗ್ಗುಲು ಹೊರಳಿಸಿದ್ದು, ಮೈ ಒರೆಸಿದ್ದು, ಬೆಡ್‌ಪ್ಯಾನ್ ಇಟ್ಟು ತೆಗೆದದ್ದು ಎಲ್ಲ ನಾನೇ. ಥಿಯೇಟರಿನವಳಿಗೆ ವಾರ್ಡಿನ ಕೆಲಸ ಇಲ್ಲ. ಆದರೂ ಅವರು ಬೇರೆಯವರನ್ನು ಹತ್ತಿರ ಸೇರಿಸುತ್ತಿರಲಿಲ್ಲ. "ಅನಸೂಯಮ್ಮ ಬರ್ಲಿ, ಅವ್ಳು ಎತ್ತಿದ್ರೆ ನೋವೇ ಗೊತ್ತಾಗಲ್ಲ" ಎನ್ನುತ್ತಿದ್ದರು. ಮೊದಲ ಆಪರೇಷನ್ ಆಗಿ ಮನೆಗೆ ಹೊರಟ ದಿನ ಹೊಸ ಹುಣಿಸೆಹಣ್ಣಿನ ಗಂಟು ತರಿಸಿದ್ದರು. ಬೀಜ ಬಿಡಿಸಿ, ಉಪ್ಪು ಹಾಕಿ ಕುಟ್ಟಿ, ಉಂಡೆ ಕಟ್ಟಿದ ಹಣ್ಣು. ಅದನ್ನು ಮೇಜಿನ ಮೇಲೆ ಇಡಲಿಲ್ಲ. ನನ್ನ ಅಂಗೈ ಹಿಡಿದು, ಅದರಲ್ಲಿಟ್ಟು, ಬೆರಳು ಮಡಿಸಿದರು. ಅಂಥ ಮನೆಯಿಂದ ನನಗೆ ಹಾಗೆ ಸಿಕ್ಕ ಮೊದಲ ವಸ್ತು ಅದು. ಮನೆಗೆ ಹೋಗಿ ಆ ಗಂಟನ್ನು ಮುಂದಿಟ್ಟುಕೊಂಡು ಅತ್ತೆ. ಇದನ್ನು ಯಾರಿಗೂ ಹೇಳಿರಲಿಲ್ಲ.

ಮೊದಲ ಆಪರೇಷನ್ ನಿಲ್ಲಲಿಲ್ಲ. ಅಮ್ಮಾಜಮ್ಮನವರ ಮೂಳೆ ವಯಸ್ಸಿಗೆ ಸವೆದು ಟೊಳ್ಳಾಗಿತ್ತು. ಹಾಕಿದ್ದ ಸ್ಕ್ರೂಗಳು ವರ್ಷದೊಳಗೆ ಸಡಿಲವಾಗಿ ಅಲ್ಲಾಡತೊಡಗಿದವು. ಕಾಲು ಜೋಮು ಹಿಡಿಯಿತು. ಹಿತ್ತಲಿಗೆ ಹೋಗಬೇಕಾದರೂ ಸೊಸೆ ಎತ್ತಿಕೊಂಡು ಹೋಗಬೇಕಾಯಿತು. ನಮ್ಮ ಡಾಕ್ಟರ್ ವೆಂಕಟೇಶ್ ಚಿಂತಾಮಣಿಯವರು, ಮಾತು ಕಮ್ಮಿ, ಕೈ ಚುರುಕು. ಬೆಂಗಳೂರಿನ ಯಾವುದೋ ಪ್ರಯೋಗಾಲಯದಲ್ಲಿದ್ದ ತಮ್ಮ ಸ್ನೇಹಿತರಿಗೆ ಕಾಗದ ಬರೆದು ಹೊಸ ಥರದ ಆರು ಸ್ಕ್ರೂ ಮಾಡಿಸಿದರು. ಆರೇ ಆರು. "ಇದೂ ಹಿಡಿಯದಿದ್ದರೆ ಆಕೆ ಇನ್ನು ಎದ್ದು ನಡೆಯೋದಿಲ್ಲ ಸಿಸ್ಟರ್" ಎಂದು ನನಗೆ ಒಂದೇ ಮಾತಿನಲ್ಲಿ ಹೇಳಿದ್ದರು. ಹೊಸ ಥರ ಎಂದರೇನು ಎಂದು ನಾನು ಕೇಳಲಿಲ್ಲ. ಸ್ಕ್ರೂ ಅಂದರೆ ಸ್ಕ್ರೂ ಎಂದುಕೊಂಡೆ.

೧೯೯೭ರ ಜುಲೈನಲ್ಲಿ, ಒಂದು ಬುಧವಾರ, ಡಬ್ಬಿ ಬಂತು. ಡಾಕ್ಟರು ಗೌರಿಬಿದನೂರಿನ ಕ್ಯಾಂಪಿಗೆ ಹೋಗಿದ್ದರು, ಗುರುವಾರ ಸಂಜೆ ಬರುವವರು. ಶುಕ್ರವಾರ ಬೆಳಿಗ್ಗೆ ಆಪರೇಷನ್. ಡಬ್ಬಿಯೊಳಗಿನ ಕವರಿನ ಅಂಚು ದಾರಿಯಲ್ಲಿ ಎಲ್ಲೋ ಬಿಟ್ಟುಕೊಂಡಿತ್ತು. ಜೊತೆಗೆ ಡಾಕ್ಟರ ಹೆಸರಿಗೆ ಅಂಟಿಸಿದ ಒಂದು ಕಾಗದ. ಬೇರೆಯವರ ಕಾಗದ ಒಡೆಯುವುದು ನನ್ನ ಜಾಯಮಾನವಲ್ಲ, ಹಾಗೆಯೇ ಅವರ ಮೇಜಿನ ಮೇಲಿಟ್ಟೆ. ಕವರು ಬಿಚ್ಚಿಕೊಂಡಿದ್ದರೆ ಒಳಗಿನದನ್ನು ತೊಳೆದು ಮತ್ತೆ ಹಬೆಗೆ ಹಾಕಬೇಕು, ಅದು ಥಿಯೇಟರಿನ ನಿಯಮ. ಸ್ಕ್ರೂ ತೆಗೆದು ಬೆಳಕಿಗೆ ಹಿಡಿದೆ. ಮೈಯೆಲ್ಲಾ ಬಿಳಿ. ಸೀಮೆಸುಣ್ಣ ಮೆತ್ತಿದ ಹಾಗೆ ಒರಟು ಬಿಳಿ.

ನನಗೆ ಮೈಯೆಲ್ಲಾ ಉರಿಯಿತು. "ನೋಡೇ ಮುನಿಶಾಮಮ್ಮ, ಬೆಂಗಳೂರಿನೋರ ಯೋಗ್ಯತೆ! ಬೋರ್ ನೀರಲ್ಲಿ ಕುದಿಸಿ ಹಂಗೇ ಕಳಿಸವ್ರೆ" ಎಂದೆ.

ಮುನಿಶಾಮಮ್ಮ ನಮ್ಮ ಥಿಯೇಟರಿನ ಆಯಾ. ಓದು ಬರಹ ಇಲ್ಲ, ಕಣ್ಣು ಮಾತ್ರ ಬಲು ಸೂಕ್ಷ್ಮ. ಅವಳು ಒಂದು ಸ್ಕ್ರೂವನ್ನು ಬಟ್ಟೆಯ ಮೇಲೆ ಉರುಳಿಸಿ ನೋಡಿದಳು.

"ಸಿಸ್ಟರಮ್ಮ, ಇದು ಉಪ್ಪಿನಂಗೆ ಕಾಣಲ್ಲ ಕಣಮ್ಮ. ಉಪ್ಪಾದ್ರೆ ಒಂದ್ಕಡೆ ದಪ್ಪ ಒಂದ್ಕಡೆ ತೆಳ್ಳಗೆ ಕಟ್ತದೆ. ಇದು ಎಲ್ಲಾ ಕಡೆ ಒಂದೇ ಸಮ ಐತೆ."

"ಓಹೋ, ನಿಂಗ್ಯಾವಾಗಿಂದ ಡಾಕ್ಟರ್‌ಗಿರಿ ಬಂತು? ಹದಿನಾರು ವರ್ಷದಿಂದ ಈ ನೀರಲ್ಲಿ ಕೈ ಇಟ್ಟಿರೋಳು ನಾನು. ಹೋಗು, ಬಕೆಟ್ ತುಂಬ್ಸು."

ಅವಳು ಬಕೆಟ್ ತೆಗೆದುಕೊಂಡು ಹೋದಳು. ಬ್ರಷ್ಷಿನಲ್ಲಿ ತಿಕ್ಕಿದೆ, ಹೋಗಲಿಲ್ಲ. ಆಗ ನನಗೆ ಆ ಯೋಚನೆ ಬಂತು. ಸ್ಟೋರಿನ ಹಳೇ ಹುಣಿಸೆಹಣ್ಣು ಬೇಡ, ಅಮ್ಮಾಜಮ್ಮನವರ ಸ್ಕ್ರೂಗೆ ಅವರು ಕೊಟ್ಟ ಹಣ್ಣೇ ಆಗಲಿ. ಮಧ್ಯಾಹ್ನ ಊಟಕ್ಕೆ ಮನೆಗೆ ಹೋದವಳು ಭರಣಿಯಿಂದ ಒಂದು ಉಂಡೆ ತಂದೆ. ಪ್ರೀತಿಯಿಂದ ತಂದೆ, ದೇವರಾಣೆ. ಗಟ್ಟಿಯಾಗಿ ಕಿವುಚಿ, ಮೊದಲು ನೋಡೋಣ ಎಂದು ಎರಡು ಸ್ಕ್ರೂ ಹಾಕಿದೆ. ಗುರುವಾರ ಬೆಳಿಗ್ಗೆ ತೆಗೆದಾಗ ಎರಡೂ ಬೂದುಬಣ್ಣಕ್ಕೆ ತಿರುಗಿ ಮಿರಮಿರ ಮಿಂಚುತ್ತಿದ್ದವು. ಹೆಮ್ಮೆಯಿಂದ ಮುನಿಶಾಮಮ್ಮನ ಮೂಗಿನ ಕೆಳಗೆ ಹಿಡಿದು ತೋರಿಸಿದೆ. ಉಳಿದ ನಾಲ್ಕನ್ನೂ ಹಾಕುತ್ತಿದ್ದೆ, ಅಷ್ಟರಲ್ಲಿ ಬಾಗೇಪಲ್ಲಿ ರಸ್ತೆಯಲ್ಲಿ ಜೀಪು ಮಗುಚಿ ಏಳು ಜನ ಗಾಯಾಳುಗಳು ಬಂದರು. ಆ ದಿನ ಪೂರ್ತಿ ಅವರಿಗೇ ಹೋಯಿತು. ನಾಲ್ಕು ಸ್ಕ್ರೂ ಬೆಳ್ಳಗೆ, ಎರಡು ಬೂದುಬಣ್ಣ, ಆರನ್ನೂ ಹಾಗೆಯೇ ಹಬೆಗೆ ಹಾಕಿದೆ.

ಶುಕ್ರವಾರ ಅಮ್ಮಾಜಮ್ಮನವರನ್ನು ಬೋರಲು ಮಲಗಿಸಿ, ಬೆನ್ನು ತೆರೆದು, ಹಳೇ ಸ್ಕ್ರೂಗಳನ್ನು ತೆಗೆದದ್ದಾಯಿತು. ನಾನು ಹೊಸ ಟ್ರೇ ಮುಂದಿಟ್ಟೆ. ಡಾಕ್ಟರು ಒಂದು ಬಿಳೀ ಸ್ಕ್ರೂ ಎತ್ತಿ ದೀಪಕ್ಕೆ ಹಿಡಿದರು. ಅವರು ಥಿಯೇಟರಿನಲ್ಲಿ ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಮುಖಕ್ಕೆ ಮಾಸ್ಕ್ ಇದ್ದರೂ ಕಣ್ಣು ನಗುತ್ತಿದ್ದವು.

"ನೋಡಿ ಸಿಸ್ಟರ್, ಈ ಬಿಳೀ ಲೇಪ ಇದೆಯಲ್ಲ, ಇದಕ್ಕೇ ನಾನು ಇಷ್ಟು ದಿನ ಕಾದಿದ್ದು. ಮೂಳೆಯಲ್ಲಿರೋ ಸುಣ್ಣದಂಥದ್ದನ್ನೇ ಮಾಡಿ ಇದರ ಮೇಲೆ ಬಳಿದಿದ್ದಾರೆ. ಬರೀ ಲೋಹ ಹಾಕಿದರೆ ಇಂಥಾ ಟೊಳ್ಳು ಮೂಳೆ ಹಿಡಿಯಲ್ಲ. ಇದನ್ನ ಕಂಡ್ರೆ ತನ್ನದೇ ಅಂದ್ಕೊಂಡು ಹೊಸ ಮೂಳೆ ಇದರ ಮೇಲೇ ಬೆಳೆಯುತ್ತೆ, ಕಚ್ಚಿಕೊಳ್ಳುತ್ತೆ."

ನಾನು ಆ ಎರಡು ಬೂದುಬಣ್ಣದ ಸ್ಕ್ರೂಗಳನ್ನು ಟ್ರೇನ ಮೂಲೆಗೆ ಸರಿಸಿದೆ. ಅವರು ಒಂದು ಹಾಕಿದರು, ಎರಡು ಹಾಕಿದರು, ಮೂರು, ನಾಲ್ಕು. ನಾನು ಬೇಕೆಂದೇ ಬಿಳಿಯದನ್ನು ಮುಂದೆ ಮುಂದೆ ಕೊಡುತ್ತಿದ್ದೆ. ಆಮೇಲೆ ಟ್ರೇನಲ್ಲಿ ಉಳಿದದ್ದು ಅವೆರಡೇ.

"ಇದೇನಿದು? ಇವೆರಡು ಬರೀ ಲೋಹದ ಹಾಗಿವೆಯಲ್ಲ?"

ಬಾಗಿಲ ಹತ್ತಿರ ಮುನಿಶಾಮಮ್ಮ ನಿಂತಿದ್ದಳು. ಡಾಕ್ಟರು ನನ್ನ ಮುಖ ನೋಡುತ್ತಿದ್ದರು. ಮೇಜಿನ ಮೇಲೆ ಅಮ್ಮಾಜಮ್ಮನವರ ಬೆನ್ನು ತೆರೆದೇ ಇತ್ತು. ಆ ಕ್ಷಣ ನನಗೆ ನೆನಪಾದದ್ದು ಅಂಗಳಕ್ಕೆ ಬಿದ್ದ ಆ ಚೊಂಬು, ಅದನ್ನು ಬೂದಿ ಹಾಕಿ ತಿಕ್ಕುತ್ತಿದ್ದ ಕೈ. ನಾಲಿಗೆ ತಾನಾಗಿ ಆಡಿತು.

"ಹಂಗೇ ಬಂದಿದ್ದು ಸಾರ್."

ಅವರು ಎರಡನ್ನೂ ದೀಪಕ್ಕೆ ಹಿಡಿದು ತಿರುಗಿಸಿ ನೋಡಿದರು. "ಲೇಪ ತೆಳುವಾಗಿರಬೇಕು" ಎಂದು ತಮಗೇ ಹೇಳಿಕೊಂಡು, ಎರಡನ್ನೂ ಕೆಳಗಿನ ಮೂಳೆಯಲ್ಲಿ, ಎಡಕ್ಕೊಂದು ಬಲಕ್ಕೊಂದು ಹಾಕಿ ಹೊಲಿದರು.

ಅವರು ಸುಮ್ಮನಿರುವವರಲ್ಲ. ಬೆಂಗಳೂರಿಗೆ ಕಾಗದ ಬರೆದು ಕೇಳಿದರು. ಹದಿನೈದು ದಿನಕ್ಕೆ ಉತ್ತರ ಬಂತು. ಆರಕ್ಕೂ ಒಂದೇ ಸಮ ಲೇಪ ಹಾಕಿದ್ದೇವೆ, ಒಂದೊಂದನ್ನೂ ತೂಗಿ ನೋಡಿಯೇ ಕಳಿಸಿದ್ದೇವೆ, ಹಬೆಯಲ್ಲಿ ಬಣ್ಣ ಕೊಂಚ ಮಾಸಿರಬಹುದು ಎಂದಿತ್ತು. ಡಾಕ್ಟರು ಅದನ್ನು ನನಗೇ ಓದಿ ಹೇಳಿ, "ಸದ್ಯ, ಬದುಕಿದೆ! ಹಾಗಾದರೆ ಮೂರು ತಿಂಗಳಿಗೆ ಪ್ಲಾಸ್ಟರ್ ಜಾಕೆಟ್ ಬಿಚ್ಚಿಬಿಡಬಹುದು" ಎಂದರು. ನಾನು ಹೂಂ ಎಂದೆ. ಈಗ ನೆನೆದರೆ ಆ ಹೂಂ ಮೊದಲಿನ ಸುಳ್ಳಿಗಿಂತ ದೊಡ್ಡದು. ಮೊದಲನೆಯದು ಹೆದರಿ ಆಡಿದ್ದು. ಇದನ್ನು ಯೋಚಿಸಿ ಆಡಿದೆ.

ಅಮ್ಮಾಜಮ್ಮ ಕಂಕುಳಿಂದ ಸೊಂಟದವರೆಗೆ ಪ್ಲಾಸ್ಟರ್ ಹಾಕಿಸಿಕೊಂಡು ಮೇಲೂರಿಗೆ ಹೋದರು. ತಿಂಗಳಿಗೊಮ್ಮೆ ತೋರಿಸಲು ಬರುತ್ತಿದ್ದರು. ಸೆಪ್ಟೆಂಬರಿನಲ್ಲಿ ಬಂದಾಗ ನನ್ನ ಕೈ ಹಿಡಿದು ಬೆಂಚಿನಿಂದ ಎದ್ದು, ಆಸರೆಯಿಲ್ಲದೆ ನಾಲ್ಕು ಹೆಜ್ಜೆ ಹಾಕಿ ತೋರಿಸಿದರು.

"ನೋಡಿದ್ಯಾ? ಜೋಮು ಹೋಗೈತೆ. ಈ ಕೈ ಇರೋವರ್ಗೂ ನಂಗೆ ಭಯ ಇಲ್ಲಮ್ಮ. ಇದು ಬಿಚ್ಚಿದ ಮಾರನೇ ದಿನಾನೇ ಹುಳುಮನೆಗೆ ಹೋಗ್ತೀನಿ. ಸೊಸೆ ಕೈಲಿ ಎರಡು ಬೆಳೆ ಹಾಳಾಯ್ತು, ಕಾರ್ತಿಕದ ಬೆಳೆ ನಂದೇ."

ಎರಡು ಸ್ಕ್ರೂ ಹಿಡಿದಿಲ್ಲದ ಬೆನ್ನಿನಲ್ಲಿ ಆಕೆ ಸೊಪ್ಪಿನ ಮಂಕರಿ ಎತ್ತಿದರೆ ಏನಾಗುತ್ತದೆ ಎಂದು ನನಗೆ ಗೊತ್ತಿತ್ತು. ನನಗೆ ಮಾತ್ರ ಗೊತ್ತಿತ್ತು. ಅಲ್ಲ, ಇನ್ನೊಬ್ಬಳಿಗೂ. ಆ ಸಂಜೆ ಮುನಿಶಾಮಮ್ಮ ನೆಲ ಒರೆಸುತ್ತಾ, ತಲೆ ಎತ್ತದೆ ಹೇಳಿದಳು:

"ನಾನ್ ಯಾರತ್ರಾನೂ ಬಾಯಿ ಬಿಡಲ್ಲ ಸಿಸ್ಟರಮ್ಮ. ನೀವೇ ಹೇಳ್ತೀರಿ ಅಂತ ಕಾಯ್ತಾ ಇವ್ನಿ."

ಬೈದುಬಿಡೋಣ ಎಂದು ಬಾಯಿ ತೆರೆದೆ. ಬೈಯದೆ ಸೀದಾ ಮನೆಗೆ ಹೊರಟುಬಿಟ್ಟೆ.

ಅಕ್ಟೋಬರ್ ಎರಡನೇ ವಾರ ಜಾಕೆಟ್ ಬಿಚ್ಚುವ ದಿನ ಬಂತು. ಅಮ್ಮಾಜಮ್ಮ ಹೊಸ ಸೀರೆ ತಂದಿದ್ದರು, ಬಿಚ್ಚಿದ ಮೇಲೆ ಉಟ್ಟುಕೊಂಡು ಹೋಗಲು. ಮೇಜಿನ ಮೇಲೆ ಮಗ್ಗುಲಾಗಿ ಮಲಗಿದರು. ವೆಂಕಟರಾಮಪ್ಪನವರು ಸೀರೆಯ ಕವರು ಹಿಡಿದುಕೊಂಡು ಮೂಲೆಯಲ್ಲಿ ನಿಂತರು. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಸಿಕ್ಕಿಸಿ ನೋಡಿ, "ಚೆನ್ನಾಗಿದೆ. ಕತ್ತರಿಸಿ ಸಿಸ್ಟರ್" ಎಂದು ಪ್ಲಾಸ್ಟರ್ ಕತ್ತರಿಯನ್ನು ನನ್ನ ಕೈಗೆ ಕೊಟ್ಟರು.

ಕತ್ತರಿಯ ಬಾಯನ್ನು ಪ್ಲಾಸ್ಟರಿನ ಅಂಚಿಗೆ ಇಟ್ಟೆ. ಅಮ್ಮಾಜಮ್ಮ ನಗುತ್ತಾ, "ಬೇಗ ಮಾಡೇ ಮಾರಾಯ್ತಿ, ಮೂರು ತಿಂಗ್ಳಿಂದ ಬೆನ್ನು ತುರಿಸ್ತಾ ಐತೆ" ಎಂದರು.

ನನ್ನ ಕೈ ಒತ್ತಲಿಲ್ಲ. ಕತ್ತರಿಯನ್ನು ಟ್ರೇಗೆ ಹಾಕಿದೆ.

"ಬಿಚ್ಚಬೇಡಿ ಸಾರ್. ಆ ಎರಡು ಸ್ಕ್ರೂ ಹಂಗೇ ಬಂದಿರ್ಲಿಲ್ಲ. ಬೆಳ್ಳಗೇ ಬಂದಿದ್ವು. ನೀರಿನ ಉಪ್ಪು ಅಂದ್ಕೊಂಡು ನಾನೇ ಹುಣಿಸೆಹುಳಿಗೆ ಹಾಕಿ ತೆಗೆದೆ. ನೀವು ಕೇಳ್ದಾಗ ಸುಳ್ಳು ಹೇಳ್ದೆ."

ಡಾಕ್ಟರು ಡ್ರಾಯರಿನಿಂದ ಭೂತಗನ್ನಡಿ ತೆಗೆದು ಎಕ್ಸ್‌ರೇಗೆ ಮೂಗು ತಾಗಿಸಿ ನೋಡಿದರು. ಬಹಳ ಹೊತ್ತು ನೋಡಿದರು. ಕೆಳಗಿನ ಎರಡು ಸ್ಕ್ರೂಗಳ ಸುತ್ತ ಕೂದಲೆಳೆಯಷ್ಟು ಕಪ್ಪು ಗೆರೆ ಇತ್ತು. "ನಾನಿದನ್ನ ಫಿಲ್ಮಿನ ನೆರಳು ಅಂದುಕೊಂಡಿದ್ದೆ" ಎಂದರು. ಆಮೇಲೆ ನನ್ನ ಕಡೆ ತಿರುಗಿದರು.

"ನಾನು ಆವತ್ತು ಕೇಳಿದ್ದೆ ಸಿಸ್ಟರ್. ನೀವು ನಿಜ ಹೇಳಿದ್ದರೆ ಸೊಂಟದ ಪಕ್ಕದಿಂದ ಸ್ವಲ್ಪ ಮೂಳೆ ತೆಗೆದು ಆ ಜಾಗಕ್ಕೆ ತುಂಬುತ್ತಿದ್ದೆ. ಅರ್ಧ ಗಂಟೆ ಕೆಲಸ."

ಅರ್ಧ ಗಂಟೆ. ಅವರು ಕೂಗಾಡಿದ್ದರೆ ತಡೆದುಕೊಳ್ಳುತ್ತಿದ್ದೆ.

ಅಮ್ಮಾಜಮ್ಮ ಮಲಗಿದಲ್ಲಿಂದಲೇ ನಿಧಾನವಾಗಿ ಕೇಳಿದರು, "ಯಾವ್ ಹುಣಿಸೇಹಣ್ಣಮ್ಮ ಅದು?"

ಬೇರೆ ಏನಾದರೂ ಕೇಳಬಾರದಿತ್ತೇ ಅನ್ನಿಸಿತು. "ನೀವು ಕೊಟ್ಟಿದ್ದೇ ಅಮ್ಮ" ಎಂದೆ.

ವೆಂಕಟರಾಮಪ್ಪನವರ ಕೈಯಲ್ಲಿದ್ದ ಸೀರೆಯ ಕವರು ಕೆಳಗೆ ಬಿತ್ತು. "ನಾನ್ ಆವತ್ತೇ ಅಂದ್ನಲ್ಲೇ! ಇಂಥೋರ ಕೈಗೆಲ್ಲಾ..." ಎಂದು ಶುರುಮಾಡಿದರು. ಬಂತು ಎಂದುಕೊಂಡೆ. ಎಂಟನೇ ವಯಸ್ಸಿನಿಂದ ಯಾವ ಮಾತು ಕೇಳಬಾರದೆಂದು ಉಜ್ಜಿ ಉಜ್ಜಿ ಬದುಕಿದ್ದೆನೋ ಆ ಮಾತು ಬಂದೇಬಿಟ್ಟಿತು ಎಂದು ತಲೆ ತಗ್ಗಿಸಿ ನಿಂತೆ.

"ರೀ, ಸುಮ್ನಿರ್ರೀ! ಕೈ ವಿಷ್ಯ ಎತ್ತಬೇಡಿ. ಎರಡು ತಿಂಗ್ಳು ನನ್ ಹೇಲು ಉಚ್ಚೆ ಬಳಿದಿರೋ ಕೈ ಅದು. ನೀವ್ ಬಳಿದ್ರಾ?"

ಯಜಮಾನರು ಬಗ್ಗಿ ಸೀರೆಯ ಕವರು ಎತ್ತಿಕೊಂಡರು. ಆಮೇಲೆ ಅಮ್ಮಾಜಮ್ಮ ನನ್ನ ಕಡೆ ನೋಡಿದರು. ಆ ಕಣ್ಣಲ್ಲಿ ನೀರಿರಲಿಲ್ಲ, ಬರೀ ಸಿಟ್ಟಿತ್ತು.

"ತಪ್ಪು ಎಲ್ರೂ ಮಾಡ್ತಾರೆ, ಅದಕ್ಕೇನೂ ಅನ್ನಲ್ಲ ನಾನು. ಸುಳ್ ಹೇಳ್ದಲ್ಲೇ ಅನಸೂಯಾ. ನನ್ ಬೆನ್ನು ಬಿಚ್ಕೊಂಡು ಪ್ರಜ್ಞೆ ಇಲ್ದೆ ಬಿದ್ದಿದ್ನಲ್ಲೇ. ನನ್ ಕಡೆಯೋಳು ಅಂತ ಅಲ್ಲಿದ್ದೋಳು ನೀನೊಬ್ಳೇ ಅಲ್ವೇನೇ?"

ನಾನು ನೆಲಕ್ಕೆ ಕೂತುಬಿಟ್ಟೆ. ಆ ಇನ್ನೊಂದು ಮಾತಾದರೂ ಬಂದಿದ್ದರೆ ಎದುರು ನಿಂತು ಸಿಟ್ಟು ಮಾಡಿಕೊಳ್ಳಬಹುದಿತ್ತು. ಅದಕ್ಕೆ ನನ್ನಲ್ಲಿ ಉತ್ತರ ಸಿದ್ಧವಿತ್ತು.

ಜಾಕೆಟ್ ಬಿಚ್ಚಲಿಲ್ಲ. ಇನ್ನೂ ಆರು ತಿಂಗಳು ಎಂದರು ಡಾಕ್ಟರು. ಮೇಜಿನಿಂದ ಇಳಿಯುವಾಗ ನಾನು ಅಭ್ಯಾಸಬಲದಿಂದ ಕೈ ಚಾಚಿದೆ. ಅಮ್ಮಾಜಮ್ಮ, "ಮುನಿಶಾಮಮ್ಮ, ಬಾಮ್ಮ ಇಲ್ಲಿ" ಎಂದು ಕರೆದು ಅವಳ ಹೆಗಲು ಹಿಡಿದು ಇಳಿದರು. ಹೊಸ ಸೀರೆ ಕವರಿನಲ್ಲೇ ವಾಪಸ್ಸು ಹೋಯಿತು.

ಆಸ್ಪತ್ರೆಯವರು ನನಗೆ ಒಂದು ಮೆಮೊ ಕೊಟ್ಟರು, ಅಷ್ಟೇ. ಡಾಕ್ಟರು ಕೊಟ್ಟ ಶಿಕ್ಷೆ ಬೇರೆ. ಒಂದು ಹಾಳೆ, ಪೆನ್ನು ಮುಂದಿಟ್ಟು, ಬೆಂಗಳೂರಿನವರಿಗೆ ನಡೆದದ್ದನ್ನು ನಿಮ್ಮ ಕೈಯಲ್ಲೇ ಬರೆಯಿರಿ ಎಂದರು. ಕನ್ನಡದಲ್ಲೇ ಬರೆದೆ. ನೀರಿನ ವಿಷಯ, ಉಪ್ಪಿನ ವಿಷಯ, ಹುಣಿಸೆಹಣ್ಣಿನ ವಿಷಯ, ಸುಳ್ಳಿನ ವಿಷಯ, ಒಂದನ್ನೂ ಬಿಡಲಿಲ್ಲ. ಮುಂದಿನ ವರ್ಷ ಇನ್ನೊಬ್ಬರಿಗೆಂದು ಬಂದ ಡಬ್ಬಿಯಲ್ಲಿ ಕವರಿನ ಮೇಲೇ ಒಂದು ಚೀಟಿ ಅಂಟಿಸಿತ್ತು. 'ಬಿಳಿ ಬಣ್ಣ ಕೊಳೆಯಲ್ಲ, ಉಪ್ಪೂ ಅಲ್ಲ. ತಿಕ್ಕಬೇಡಿ, ಹುಳಿ ತಾಗಿಸಬೇಡಿ' ಎಂದು ಕನ್ನಡದಲ್ಲಿ ಬರೆದಿತ್ತು. ಅದನ್ನು ಮುನಿಶಾಮಮ್ಮನಿಗೆ ಗಟ್ಟಿಯಾಗಿ ಓದಿ ಹೇಳಿದೆ. "ನೀನ್ ಹೇಳಿದ್ದೇ ಸರಿ ಕಣೇ, ನಾನೇ ಕೇಳಲಿಲ್ಲ" ಎಂದೂ ಹೇಳಿದೆ. ಅವಳು ಸೆರಗಿನಲ್ಲಿ ಮೂಗು ಒರೆಸಿಕೊಂಡು, "ಬಿಡಿ ಸಿಸ್ಟರಮ್ಮ, ನಂಗೆ ಬಕೆಟ್ ತುಂಬ್ಸೋ ಕೆಲ್ಸ ಐತೆ" ಎಂದು ಹೋದಳು.

ಭಾನುವಾರ ಭಾನುವಾರ ಬಸ್ಸು ಹಿಡಿದು ಮೇಲೂರಿಗೆ ಹೋಗುತ್ತಿದ್ದೆ. ಯಾರೂ ಕರೆದಿರಲಿಲ್ಲ. ಮೊದಲ ಎರಡು ವಾರ ವೆಂಕಟರಾಮಪ್ಪನವರು ಜಗಲಿಯಿಂದಲೇ ವಾಪಸ್ಸು ಕಳಿಸಿದರು. ಮೂರನೇ ವಾರ ಸೊಸೆ ಒಳಗೆ ಬಿಟ್ಟಳು. ಪ್ಲಾಸ್ಟರಿನ ಅಂಚು ತಾಗಿ ಕಂಕುಳಲ್ಲಿ ಹುಣ್ಣಾಗಿತ್ತು. ನಾನು ಔಷಧಿ ಹಚ್ಚುವಾಗ ಅಮ್ಮಾಜಮ್ಮ ಗೋಡೆಯ ಕಡೆ ಮುಖ ತಿರುಗಿಸಿಕೊಂಡಿದ್ದರು. ಹಾಗೆ ಎಷ್ಟೋ ಭಾನುವಾರ. ಕಾರ್ತಿಕದ ಬೆಳೆಗೆ ಹುಳು ಸಾಕಲೇ ಇಲ್ಲ. ಖಾಲಿ ತಟ್ಟೆಗಳನ್ನು ಹಿತ್ತಲಲ್ಲಿ ಒರಗಿಸಿದ್ದರು. ಸಂಕ್ರಾಂತಿ ಆದ ಮೇಲೆ ಒಂದು ದಿನ, ಗೋಡೆ ನೋಡುತ್ತಲೇ, "ಬಸ್ಸು ಸಿಕ್ತಾ?" ಎಂದು ಕೇಳಿದರು. "ಸಿಕ್ತಮ್ಮ" ಎಂದೆ. ಆವತ್ತು ಅಷ್ಟೇ ಮಾತು.

೧೯೯೮ರ ಏಪ್ರಿಲ್‌ನಲ್ಲಿ ಜಾಕೆಟ್ ಬಿಚ್ಚಿದರು. ಡಾಕ್ಟರು ಎಕ್ಸ್‌ರೇ ಮೇಲೆ ಪೆನ್ಸಿಲ್ ಇಟ್ಟು ಅಮ್ಮಾಜಮ್ಮನವರಿಗೇ ತೋರಿಸಿದರು. ಮೇಲಿನ ನಾಲ್ಕು ಸ್ಕ್ರೂಗಳ ಸುತ್ತ ಮೂಳೆ ಬೆಳೆದು, ಯಾವುದು ಲೋಹ ಯಾವುದು ಮೂಳೆ ಎಂದು ಗೊತ್ತಾಗದ ಹಾಗೆ ಕಚ್ಚಿಕೊಂಡಿತ್ತು. ಕೆಳಗಿನ ಎರಡರ ಸುತ್ತ ಆ ಕಪ್ಪು ಗೆರೆ ಹಾಗೆಯೇ ಇತ್ತು. ನಾಲ್ಕು ಹಿಡಿದಿವೆ, ನಡೆಯಬಹುದು, ಆದರೆ ಬಗ್ಗುವಂತಿಲ್ಲ, ಭಾರ ಎತ್ತುವಂತಿಲ್ಲ, ಏಣಿಯಂತೂ ಇಲ್ಲವೇ ಇಲ್ಲ ಎಂದರು. ಅಮ್ಮಾಜಮ್ಮ ನಡೆದರು. ಬಲಕ್ಕೆ ಸ್ವಲ್ಪ ವಾಲಿ ನಡೆದರು. ಈಗಲೂ ಹಾಗೆಯೇ ನಡೆಯುತ್ತಾರೆ. ಹುಳುಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಸೊಸೆಗೆ ಬೈಯುತ್ತಾ ಕೂರುತ್ತಾರಂತೆ. ಕಣ್ಣು ಒಳಗೇ ಇರುತ್ತದೆ, ಕಾಲು ಹೊಸ್ತಿಲು ದಾಟುವುದಿಲ್ಲ ಎಂದು ಸೊಸೆಯೇ ನನಗೆ ಹೇಳಿದಳು.

ಅಂದಿನಿಂದ ನಾನು ಮನೆಯಲ್ಲಿ ಹುಣಿಸೆಹಣ್ಣು ಬಳಸುವುದನ್ನು ಬಿಟ್ಟೆ. ಸಾರಿಗೆ ಟೊಮೆಟೊ ಹಾಕುತ್ತಿದ್ದೆ. ಭರಣಿಯಲ್ಲಿ ಉಳಿದಿದ್ದ ಉಂಡೆಗಳನ್ನು ಎಸೆಯಲೂ ಆಗಲಿಲ್ಲ, ಮುಟ್ಟಲೂ ಆಗಲಿಲ್ಲ.

ಕಳೆದ ತಿಂಗಳು ಒಂದು ಭಾನುವಾರ, ನಾನು ಬಸ್ಸಿಗೆ ಹೊರಡುವ ಹೊತ್ತಿಗೆ, ಬಾಗಿಲಲ್ಲಿ ಆ ವಾಲಿದ ಆಕಾರ ನಿಂತಿತ್ತು. ಜೊತೆಗೆ ಯಾರೂ ಇಲ್ಲ. ಒಬ್ಬರೇ ಬಸ್ಸಿನಲ್ಲಿ ಬಂದಿದ್ದರು.

"ಏನಮ್ಮ ಇದು! ಬಸ್ಸಲ್ಲಿ ಕುಲುಕಾಡ್ಕೊಂಡು..." ಎಂದು ಗಾಬರಿಯಿಂದ ಬೈದೇಬಿಟ್ಟೆ.

"ವಾರವಾರ ನೀನ್ ಕುಲುಕಾಡ್ಕೊಂಡು ಬರಲ್ವಾ? ಸರಿ, ದಾರಿ ಬಿಡು."

ಒಳಗೆ ಬಂದು, ಗೋಡೆಗೆ ಒರಗಿ, ಚಾಪೆಯ ಮೇಲೆ ನಿಧಾನವಾಗಿ ಕೂತರು. ಕುರ್ಚಿ ಕೊಟ್ಟರೆ ಬೇಡ ಎಂದರು. ಸೆರಗಿನ ಗಂಟು ಬಿಚ್ಚಿ ಹೊಸ ಹುಣಿಸೆಹಣ್ಣಿನ ನಾಲ್ಕು ಉಂಡೆಗಳನ್ನು ತೆಗೆದು, ನನ್ನ ಅಂಗೈ ಎಳೆದುಕೊಂಡು ಇಟ್ಟರು.

"ಈ ವರ್ಷದ್ದು. ಸಾರಿಗೆ ಮಾತ್ರ ಹಾಕು."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡೂ ಒಟ್ಟಿಗೆ ಬಂತು. "ಅಳೋದ್ ಸಾಕು, ಒಲೆ ಹಚ್ಚು. ಉಂಡೇ ಹೋಗ್ತೀನಿ. ನಾಲ್ಕು ಗಂಟೆ ಬಸ್ಸಿಗೆ ಟೈಮೈತೆ" ಎಂದರು.

ಮುದ್ದೆ ಮಾಡಿ, ಹುರುಳಿಸಾರು ಮಾಡಿದೆ. ಎರಡು ವರ್ಷದ ಮೇಲೆ ಹುಣಿಸೆಹಣ್ಣನ್ನು ಕೈಯಲ್ಲಿ ಕಿವುಚಿದೆ. ಅವರು ನನ್ನ ತಟ್ಟೆಯಲ್ಲಿ ಉಂಡರು, ನನ್ನ ಲೋಟದಲ್ಲಿ ನೀರು ಕುಡಿದರು. ಕಣ್ಣು ಮುಚ್ಚಿಕೊಳ್ಳಲಿಲ್ಲ. ಉಪ್ಪು ಒಂದು ಕಲ್ಲು ಕಡಿಮೆ ಎಂದು ದೂರಿ, ಇನ್ನೊಂದು ಸಲ ಬಡಿಸಿಕೊಂಡರು.

ಬಸ್ಸಿನ ಹೊತ್ತಾಯಿತು. ಏಳಲು ಒದ್ದಾಡುವುದನ್ನು ನೋಡಿ ನಾನು ಕೈ ಚಾಚಿದೆ. ಅಮ್ಮಾಜಮ್ಮ ಆ ಕೈಯನ್ನು ನೋಡಿದರು. ಅದರಲ್ಲಿ ಕೋಪವೇನೂ ಇರಲಿಲ್ಲ. ಆಮೇಲೆ ಗೋಡೆ ಹಿಡಿದುಕೊಂಡು, ತಾವಾಗಿಯೇ ಎದ್ದರು.